ಗೀಟಿನ ಕೆಳಗೆ ಮೂರು ಸಹಿ

ಹುಕ್ಕೇರಿಯ ಈ ಸಾಲಿಗೆ ಹೆಡ್ ಮಾಸ್ತರನಾಗಿ ಬಂದ ಮೇಲೆ, ಸುತ್ತಲಿನ ಹಳ್ಳಿಗಳಲ್ಲಿ ಹೊಸದಾಗಿ ಹೆಡ್ ಮಾಸ್ತರಿಕೆ ಹೊತ್ತವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ನಿಮ್ಮ ಮಾಸ್ತರ ಮಂದಿ ಹೆಂಗ ಇಷ್ಟ ನಕ್ಕೋಂತ ಇರ್ತಾರ್ರಿ? ನಮ್ಮಲ್ಲೆ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ" ಎಂದು ಕೇಳುತ್ತಾರೆ. ಅವರನ್ನು ಕೂಡಿಸಿ ಚಹಾ ತರಿಸುತ್ತೇನೆ. ಬುದ್ಧಿಮಾತು ಹೇಳುವುದು ನನಗೆ ಮೊದಲಿನಿಂದ ಇಷ್ಟ, ಕೇಳುವವರು ಸಿಕ್ಕರೆ ಬಿಡುವವನಲ್ಲ. ಹಾಜರಿ ಪುಸ್ತಕವನ್ನು ನಿಮ್ಮ ಮೇಜಿನ ಮೇಲೆ ಇಡಬೇಡಿ, ಬಾಗಿಲ ಬಾಜೂ ಕಿಟಕಿಯಲ್ಲಿ ಇಡಿ ಎನ್ನುತ್ತೇನೆ. ಕೆಂಪು ಶಾಯಿ ದೌತಿಯನ್ನು ಕಪಾಟಿಗೆ ಹಾಕಿ ಕೀಲಿ ಜಡಿಯಿರಿ, ಕೀಲಿ ಕಳೆದುಹೋದರೆ ಇನ್ನೂ ಒಳ್ಳೆಯದು ಎನ್ನುತ್ತೇನೆ. ದಿನಕ್ಕೊಮ್ಮೆ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ರೊಟ್ಟಿ ತಿನ್ನಿರಿ, ಆ ಹೊತ್ತಿನಲ್ಲಿ ಸಾಲಿಯ ಮಾತು ಆಡಬೇಡಿರಿ ಎನ್ನುತ್ತೇನೆ.

ಅವರು ತಲೆ ಅಲ್ಲಾಡಿಸಿ, "ನಿಮ್ಮದು ದೊಡ್ಡ ಮನಸ್ಸು" ಎಂದು ಹೇಳಿ ಹೋಗುತ್ತಾರೆ. ದೊಡ್ಡ ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನೆಲ್ಲ ನಾನು ಕಲಿತದ್ದು ಒಬ್ಬನ ಮೇಲೆ ಸೇಡು ತೀರಿಸಿಕೊಳ್ಳುವಾಗ. ಆ ಸೇಡಿನ ಬಗ್ಗೆ ನನಗೆ ಈ ಹೊತ್ತಿಗೂ ನಾಚಿಕೆ ಇಲ್ಲ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮೂಡಲಗಿ ಕಡೆಯ ಒಂದು ಹಳ್ಳಿಯ ಕನ್ನಡ ಸಾಲಿಗೆ ಮಾಸ್ತರನಾಗಿ ಸೇರಿದ್ದೆ. ನಮ್ಮ ಮನೆ ಅರಭಾವಿಯಲ್ಲಿ. ಅಪ್ಪ ಇರಲಿಲ್ಲ, ಅವ್ವ ಗೋಕಾಕದ ಪೇಟೆಯಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ನನ್ನನ್ನು ಓದಿಸಿದಾಕೆ. ಅಕ್ಷರಕ್ಕಿಂತ ಮೊದಲು ನನಗೆ ಚೌಕಾಸಿ ಬಂದಿತ್ತು. ಗಿರಾಕಿಯ ಕಾಲು ನೋಡಿದರೆ ಅವನು ಕೊಳ್ಳುವವನೋ ಬರೀ ಹಿಸುಕಿ ನೋಡುವವನೋ ಹೇಳುತ್ತಿದ್ದೆ. ಕೊಳ್ಳುವವನ ಹಿಮ್ಮಡಿ ನೆಲಕ್ಕೆ ಊರಿರುತ್ತದೆ.

ಸಾಲಿಯಲ್ಲಿ ಹೆಡ್ ಮಾಸ್ತರ ಬಿಟ್ಟು ನಾವು ನಾಲ್ವರು. ಮೊದಲನೆಯವರು ಹಿರಿ ಮಾಸ್ತರರು. ಪೆನ್ಶನ್ನಿಗೆ ಎರಡು ವರ್ಷ ಬಾಕಿ, ಮೊಣಕಾಲು ನೋವು, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಎರಡನೆಯವರು ಮೂರನೇ ಇಯತ್ತೆಯ ಮಾಸ್ತರರು. ಊರ ಹೊರಗಿನ ಕೇರಿಯಿಂದ ಓದಿ ಮೇಲೆ ಬಂದವರು, ಮುಂದೆ ಬೌದ್ಧರಾದರು. ಅವರ ಕುಡಿಯುವ ನೀರಿಗೆ ಹೆಡ್ ಮಾಸ್ತರ ಬೇರೆ ಗಡಿಗೆ ಇಡಿಸಿದ್ದ, ಅದೂ ಹೊರಗೆ ಬಿಸಿಲಲ್ಲಿ. ಮೂರನೆಯವರು ಒಂದನೇ ಇಯತ್ತೆಯ ಅಕ್ಕೋರು. ಗಂಡ ಕ್ಷಯ ಹಿಡಿದು ದೂರದ ದವಾಖಾನೆಯಲ್ಲಿ ಮಲಗಿದ್ದ. ಮನೆಯಲ್ಲಿ ಕಣ್ಣು ಕಾಣದ ಅತ್ತೆ, ಮೊಲೆ ಕುಡಿಯುವ ಕೂಸು. ಅವರ ಪಗಾರದ ಮೇಲೆ ಒಲೆ ಉರಿಯಬೇಕು. ನಾಲ್ಕನೆಯವನು ನಾನು.

ಹೆಡ್ ಮಾಸ್ತರನ ಹತ್ತಿರ ಒಂದು ಕಿಸೆ ಗಡಿಯಾರವಿತ್ತು. ಹನ್ನೊಂದಕ್ಕೆ ಗಂಟೆ ಬಾರಿಸಿ, ಗಡಿಯಾರ ನೋಡಿ, ಹಾಜರಿ ಪುಸ್ತಕದಲ್ಲಿ ಆ ದಿನದ ಕಾಲಮ್ಮಿಗೆ ಅಡ್ಡ ಒಂದು ಕೆಂಪು ಗೀಟು ಹೊಡೆಯುತ್ತಿದ್ದ. ಆಮೇಲೆ ಬಂದವರು ಗೀಟಿನ ಕೆಳಗೆ ಸಹಿ ಮಾಡಬೇಕು. ಮೂರು ಗೀಟಿಗೆ ಒಂದು ರಜೆ ಕಟ್. ಇದೆಲ್ಲ ಬೇರೆ ಸಾಲಿಗಳಲ್ಲೂ ಇತ್ತು, ಅಂಥ ದೊಡ್ಡದಲ್ಲ. ಆತ ಮೇಲೆ ಸೇರಿಸಿದ್ದು ಬೇರೆ: ತಡವಾಗಿ ಬಂದ ಮಾಸ್ತರ, ತಡವಾಗಿ ಬಂದ ಹುಡುಗರ ಸಾಲಿನಲ್ಲೇ ಪ್ರಾರ್ಥನೆಗೆ ನಿಲ್ಲಬೇಕು.

ನಾನು ಸೇರಿ ನಾಲ್ಕು ತಿಂಗಳಾಗಿರಬೇಕು. ಒಂದು ಮುಂಜಾನೆ ಅವ್ವನಿಗೆ ಜ್ವರ. ಬುಟ್ಟಿಯನ್ನು ನಾನೇ ತಲೆಯ ಮೇಲೆ ಹೊತ್ತು ಗೋಕಾಕದ ಬಸ್ಸಿಗೆ ಏರಿಸಿ, ಪೇಟೆಗೆ ಹೊರಟಿದ್ದ ಪಕ್ಕದ ಮನೆಯಾಕೆಗೆ ಒಪ್ಪಿಸಿ, ಕಾಲುವೆ ದಾರಿಯಲ್ಲಿ ಓಡುತ್ತ ಬಂದೆ. ಸಾಲಿ ಮುಟ್ಟಿದಾಗ ಗೀಟು ಬಿದ್ದಿತ್ತು, ಶಾಯಿ ಇನ್ನೂ ಹಸಿ ಇತ್ತು. ಬುಟ್ಟಿ ಹೊತ್ತದ್ದನ್ನು ಸೈಕಲ್ ಮೇಲೆ ಬಂದ ಯಾರೋ ನೋಡಿ ಆತನಿಗೆ ಮುಟ್ಟಿಸಿದ್ದರು.

"ಬರ್ರಿ, ಬದನಿಕಾಯಿ ಮಾಸ್ತರ್ರ ಬರ್ರಿ. ಏನ ಧಾರಣಿ ಐತಿ ಇವತ್ತ?" ಎಂದ.

ಹುಡುಗರು ನಕ್ಕರು. ನಾನು ಹೋಗಿ ತಡವಾದ ಹುಡುಗರ ಸಾಲಿನ ಕೊನೆಗೆ ನಿಂತೆ. ಪ್ರಾರ್ಥನೆ ಮುಗಿದ ಮೇಲೂ ಆತ ಬಿಡಲಿಲ್ಲ. "ತಡಾ ಮಾಡಿದ ಹುಡುಗೂರಿಗೆ ನಾವು ಏನ ಕೇಳ್ತೇವಿ? ಮಗ್ಗಿ. ಹೇಳ್ರಿ ಮಾಸ್ತರ, ಹದಿನೇಳರದು."

ಸಂತೆಯಲ್ಲಿ ಏನು ಕೇಳಿದರೂ ಬೆರಳು ಮಡಚದೆ ಲೆಕ್ಕ ಹೇಳುವವನು ನಾನು. ಆದರೆ ಎದುರಿಗೆ ನಿಂತವರು ನಾನೇ ಕಲಿಸುವ ಮಕ್ಕಳು. ಹದಿನೇಳಾರ್ಲೆ ನೂರಾ ಎರಡು ಅನ್ನುವವರೆಗೆ ಬಂದೆ. ಏಳಕ್ಕೆ ನಾಲಿಗೆ ನಿಂತಿತು. ಆತ ಹುಡುಗರ ಕಡೆ ಕೈ ಮಾಡಿದ. ಇಡೀ ಸಾಲಿ ಒಂದೇ ದನಿಯಲ್ಲಿ "ನೂರಾ ಹತ್ತೊಂಬತ್ತು" ಎಂದಿತು.

ಆ ದನಿ ನನ್ನ ಕಿವಿಯಲ್ಲಿ ಮನೆ ಮಾಡಿತು. ಉಣ್ಣುವಾಗ, ಕಾಲುವೆ ದಾರಿ ತುಳಿಯುವಾಗ, ನೂರಾ ಹತ್ತೊಂಬತ್ತು. ಈ ಮನುಷ್ಯ ಒಂದು ದಿನ ಇದೇ ಅಂಗಳದಲ್ಲಿ ಇದೇ ಮಕ್ಕಳ ಮುಂದೆ ನಿಂತು ನನಗೆ ಮಗ್ಗಿ ಒಪ್ಪಿಸಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಅವ್ವನ ಮುಂದೆ ಕುದಿದೆ. ಆಕೆ ಜ್ವರದಲ್ಲೇ ಹೇಳಿದಳು: "ಸಿಟ್ಟ ಬುಟ್ಯಾಗ ಹಾಕ್ಕೊಂಡು ಸಂತಿಗಿ ಹೋಗಬ್ಯಾಡ. ಯಾರೂ ಕೊಳ್ಳಂಗಿಲ್ಲ, ಹೊತ್ತದ್ದ ಭಾರ. ದಲಾಲಿಗಿ ನಾವು ಏನ ಮಾಡ್ತೇವಿ, ನೋಡಿಯಿಲ್ಲ?"

ನೋಡಿದ್ದೆ. ಗೋಕಾಕದ ಪೇಟೆಗೆ ದಲಾಲಿ ಬೆಳಿಗ್ಗೆಯೇ ಬಂದು, ರೊಕ್ಕದ ಗರಜು ಇದ್ದ ಒಬ್ಬ ಹೆಣ್ಣುಮಗಳನ್ನು ಹಿಡಿದು ಧಾರಣೆ ಮುರಿಯುತ್ತಿದ್ದ. ಆಕೆ ಮುರಿದರೆ ಉಳಿದವರೆಲ್ಲ ಮುರಿದಂತೆ. ಅದಕ್ಕೆ ಆ ಹೆಂಗಸರು ಒಂದು ಪದ್ಧತಿ ಮಾಡಿದ್ದರು. ದಲಾಲಿ ಬಂದ ಕೂಡಲೆ ಎಲ್ಲರೂ ಬುಟ್ಟಿಗೆ ಹಸಿ ಗೋಣಿತಟ್ಟು ಮುಚ್ಚಿ, ರೊಟ್ಟಿ ಗಂಟು ಬಿಚ್ಚಿ ಉಣ್ಣಲು ಕೂಡುವುದು. ಬೈಯುವುದಿಲ್ಲ, ಜಗಳವಿಲ್ಲ. ಉಣ್ಣುವವರ ಹತ್ತಿರ ಯಾವ ದಲಾಲಿಯೂ ಚೌಕಾಸಿ ಮಾಡಲಾರ. ಆದರೆ ಬುಟ್ಟಿ ಮುಚ್ಚುವ ಮೊದಲು ಇನ್ನೊಂದು ಕೆಲಸ ಮಾಡುತ್ತಿದ್ದರು. ಯಾರ ಮನೆಯಲ್ಲಿ ಕೂಸು ಹಸಿದಿದೆಯೋ, ಯಾರ ಗಂಡ ಹಾಸಿಗೆ ಹಿಡಿದಿದ್ದಾನೋ, ಆಕೆಯ ಮಾಲು ಮೊದಲೇ ಒಳ್ಳೆ ಧಾರಣೆಗೆ ಹೋಗುವಂತೆ ನೋಡಿಕೊಳ್ಳುತ್ತಿದ್ದರು. ಮುರಿಯುವ ಕೊಂಡಿಯನ್ನೇ ಸರಪಳಿಯಿಂದ ಬಿಚ್ಚಿ ಇಡುವುದು. ಇದನ್ನು ಯಾವ ಟ್ರೇನಿಂಗ್ ಕಾಲೇಜಿನಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ನಮ್ಮಲ್ಲಿ ಆ ಕೊಂಡಿ ಅಕ್ಕೋರು. ಅವರ ಮನೆ ಹಳ್ಳದ ಆಚೆ. ಕೂಸಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ವಾರಕ್ಕೆ ಮೂರು ದಿನ ಗೀಟು ಬಿದ್ದಿರುತ್ತಿತ್ತು. ಆ ವರ್ಷದ ರಜೆಗಳು ತೀರಲು ಬಂದಿದ್ದವು. ತೀರಿದರೆ ಆತ ಕಚೇರಿಗೆ ಬರೆದು ಅವರನ್ನು ತೆಗೆಸಬಹುದಿತ್ತು. ಹೆಡ್ ಮಾಸ್ತರನಿಗೆ ಒಬ್ಬ ಮೈದುನ ಇದ್ದ, ಮುಲ್ಕಿ ಪಾಸಾಗಿ ಮನೆಯಲ್ಲಿ ಕೂತವನು. ಅಕ್ಕೋರ ಜಾಗ ಖಾಲಿಯಾದರೆ ಅದು ಯಾರಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು.

ಒಂದು ಶನಿವಾರ ಸಾಲಿ ಬಿಟ್ಟ ಮೇಲೆ ಮೂವರನ್ನೂ ಸಾಲಿ ಮುಂದಿನ ಬೇವಿನ ಗಿಡದ ಕೆಳಗೆ ಕೂಡಿಸಿ ನನ್ನ ಲೆಕ್ಕಾಚಾರ ಹೇಳಿದೆ. ದಿನಾ ಹತ್ತೂವರೆಗೆ ಇಲ್ಲಿಗೆ ಬರೋಣ, ಬುತ್ತಿ ಬಿಚ್ಚಿ ನ್ಯಾರಿ ಮಾಡೋಣ, ಆತ ಗೀಟು ಹೊಡೆದ ಮೇಲೆಯೇ ಒಳಗೆ ಹೋಗಿ ಕೆಳಗೆ ಸಹಿ ಮಾಡೋಣ.

ಅಕ್ಕೋರು ನನ್ನನ್ನು ನೆಟ್ಟಗೆ ನೋಡಿದರು. "ನಿಮ್ಮ ಸೇಡಿನ ಗಾಡಿಗಿ ನನ್ನ ಕೂಸಿನ್ನ ಯಾಕ ಹೂಡ್ತೀರಿ, ಮಾಸ್ತರ? ಇನ್ನ ನಾಕ ಗೀಟ ಬಿದ್ರ ನಾ ಮನಿಗಿ ಹೋಗಾಕಿ."

"ನೀವು ಕೆಳಗ ಮಾಡೂದಲ್ರಿ ಅಕ್ಕೋರ. ನೀವು ಮ್ಯಾಲ. ನೀವೊಬ್ಬರ ಮ್ಯಾಲ. ನಾವು ಮೂರ ಮಂದಿ ಕೆಳಗ."

"ಹೆಂಗ ಮ್ಯಾಲ? ಕೂಸಿಗಿ ಹೇಳ್ಲೇನು, ಹನ್ನೊಂದರೊಳಗ ಕುಡದ ಮುಗಸು ಅಂತ?"

ಅದಕ್ಕೂ ದಾರಿ ನೋಡಿಟ್ಟಿದ್ದೆ. ಸಾಲಿಯ ಬಾಜೂ ಮನೆಯಲ್ಲಿ ಒಬ್ಬ ಮುದುಕಿ ಒಬ್ಬಳೇ ಇದ್ದಳು, ಮಗ ಫೌಜಿನಲ್ಲಿ. ಅವಳ ಪಡಸಾಲೆಯಲ್ಲಿ ಒಂದು ತೊಟ್ಟಿಲು ಕಟ್ಟಿದರೆ, ಅಕ್ಕೋರು ಕೂಸನ್ನು ಅಲ್ಲಿಗೇ ತಂದು ಹಾಲು ಕುಡಿಸಿ, ಹತ್ತು ಹೆಜ್ಜೆಗೆ ಸಾಲಿ. ಅವತ್ತೇ ಹೋಗಿ ಮುದುಕಿಯ ಕಟ್ಟೆಯ ಮೇಲೆ ಕೂತೆ.

"ಕೂಸು ಅತ್ರ ನಾ ಏನ ಮಾಡ್ಲೆಪಾ?" ಎಂದಳು.

"ತೂಗು, ಆಯಿ."

"ಪುಗಸಟ್ಟೆ ತೂಗ್ಲೆ?"

"ಮಗಗ ಕಾಗದ ಬರದ ಕೊಡ್ತೇವಿ. ಹಿರಿ ಮಾಸ್ತರ ಅಕ್ಷರದಾಗ."

"ಅಂವ ಬರದ್ದ ಕಾಗದ ಓದಾವ್ರ ಯಾರು?"

"ಅದನೂ ಓದ್ತೇವಿ."

ಮುದುಕಿ ಎಲೆ ಅಡಿಕೆ ಒಂದು ಸುತ್ತು ಅಗಿದಳು. "ಎರಡ ಸಲ ಓದಬೇಕು ನೋಡು. ಮೊದಲ್ನೇ ಸಲ ನನಗ ಬರೇ ಅಳು ಬರ್ತೈತಿ, ಏನೂ ತಿಳಿಯಂಗಿಲ್ಲ."

ನನ್ನ ಜೀವನದಲ್ಲಿ ನಾನು ಒಂದು ಮಾತೂ ತಿರುಗಿ ಆಡದೆ ಒಪ್ಪಿಕೊಂಡ ವ್ಯವಹಾರ ಅದೊಂದೇ.

ಅದಕ್ಕೆ ಮುಂಚೆ, ಗಿಡದ ಕೆಳಗೇ, ಹಿರಿ ಮಾಸ್ತರರನ್ನು ಒಪ್ಪಿಸುವುದು ಕಠಿಣವಾಗಿತ್ತು. "ಪೆನ್ಶನ್ ಹತ್ರ ಬಂದಾಗ ಇದೆಲ್ಲ ನನಗ ಯಾಕಪಾ" ಎಂದರು. ಆಮೇಲೆ ನೆಲ ನೋಡುತ್ತ ಒಂದು ಮಾತು ಹೇಳಿದರು. ಹೆಡ್ ಮಾಸ್ತರ ಮೂರು ತಿಂಗಳಿಗೊಮ್ಮೆ ತಾಲೂಕಿನ ಕಚೇರಿಗೆ ಕಳಿಸುವ ವರದಿಯನ್ನು ಸ್ವಚ್ಛ ಪ್ರತಿ ಮಾಡುವವರು ಅವರೇ, ಅಕ್ಷರ ಚಂದ ಎಂದು. ಅಕ್ಕೋರ ಬಗ್ಗೆ "ಯಾವಾಗಲೂ ತಡ, ಸಂಸಾರದ ತಾಪತ್ರಯ, ಕೆಲಸಕ್ಕೆ ತಕ್ಕವರಲ್ಲ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದವರು ಅವರು. "ನನ್ನ ಕೈಲೆ ಬರಸ್ಯಾನ" ಎಂದರು. ಅಕ್ಕೋರು ಅಲ್ಲೇ ಇದ್ದರು. ಮುದುಕರು ಎದ್ದು ಹೋಗುವಾಗ, "ಸೋಮವಾರ ನಾ ಹತ್ತೂವರಿಗಿ ಬರ್ತೇನಿ" ಎಂದು ಹೇಳಿ ಹೋದರು.

ನನಗೆ ಬೇಕಾದ ಎಳೆಯನ್ನು ಅವರು ತಮಗೆ ಗೊತ್ತಿಲ್ಲದೆ ಕೊಟ್ಟಿದ್ದರು. ನಾವು ಮೂವರೂ ದಿನಾ ತಡ ಮಾಡಿದರೆ ಹೆಡ್ ಮಾಸ್ತರ ಅದನ್ನು ವರದಿಯಲ್ಲಿ ಬರೆಯುತ್ತಾನೆಯೇ? ಬರೆಯುವುದಿಲ್ಲ. 'ನನ್ನ ಮಾತು ಸಾಲಿಯಲ್ಲಿ ಯಾರೂ ಕೇಳುವುದಿಲ್ಲ' ಎಂದು ತನ್ನ ಕೈಯಿಂದ ಯಾವ ಸೊಕ್ಕಿನ ಮನುಷ್ಯ ಬರೆದಾನು? ಹಳೆಯದನ್ನೇ ಬರೆಸುತ್ತಾನೆ: ಗಂಡಸು ಮಾಸ್ತರರು ವೇಳೆಗೆ ಸರಿ, ಅಕ್ಕೋರು ತಡ. ಆದರೆ ಹಾಜರಿ ಪುಸ್ತಕ ಬೇರೆ ಕಥೆ ಹೇಳುತ್ತಿರುತ್ತದೆ. ಅದರ ಹಾಳೆಗೆ ನಂಬರು ಇತ್ತು, ಕಚೇರಿ ಮುದ್ರೆ ಇತ್ತು, ಹರಿಯುವಂತಿಲ್ಲ.

ಸೋಮವಾರದಿಂದ ಶುರುವಾಯಿತು. ನಾನು ರೊಟ್ಟಿ, ಎಣಗಾಯಿ ತರುತ್ತಿದ್ದೆ. ಬದನೆಕಾಯಿ ಮಾಸ್ತರ ಬದನೆಕಾಯಿ ತರದೆ ಇನ್ನೇನು ತಂದಾನು. ಮೂರನೇ ಇಯತ್ತೆಯ ಮಾಸ್ತರರು ತಮ್ಮ ಹೆಂಡತಿ ಕುಟ್ಟಿದ ಶೇಂಗಾ ಚಟ್ನಿ ತರುತ್ತಿದ್ದರು. ಅದರ ವಾಸನೆಗೆ ದಾರಿಹೋಕರು ತಿರುಗಿ ನೋಡುತ್ತಿದ್ದರು. ಹಿರಿ ಮಾಸ್ತರರು ಮಾತ್ರ ಎರಡು ಮಾರು ದೂರ, ಬೇರಿನ ಆಚೆ ಕೂತು, ತಮ್ಮ ಬುತ್ತಿ ತಾವೇ ಉಣ್ಣುತ್ತಿದ್ದರು. ಅವರ ಮನೆತನದಲ್ಲಿ ಆ ಕೇರಿಯವರ ಜೊತೆ ಕೂತು ಉಂಡವರು ಯಾರೂ ಇರಲಿಲ್ಲ. ನಾವೂ ಕರೆಯಲಿಲ್ಲ, ಅವರೂ ಬರಲಿಲ್ಲ.

ಹನ್ನೊಂದರ ಗಂಟೆಯ ಸದ್ದಾಗುತ್ತಿತ್ತು. ಅಕ್ಕೋರು ಮುದುಕಿಯ ಪಡಸಾಲೆಯಿಂದ ಬಂದು ಗೀಟಿಗೆ ಮುಂಚೆ ಸಹಿ ಮಾಡುತ್ತಿದ್ದರು. ಗೀಟು ಬಿದ್ದ ಮೇಲೆ ನಾವು ಕೈ ತೊಳೆದು ಒಳಗೆ ಹೋಗಿ ಕೆಳಗೆ ಸಹಿ ಮಾಡಿ, ತಡವಾದ ಹುಡುಗರ ಸಾಲಿನಲ್ಲಿ ಮೂವರೂ ನಿಲ್ಲುತ್ತಿದ್ದೆವು. ಒಬ್ಬನೇ ನಿಂತಾಗ ಅದು ಶಿಕ್ಷೆಯಾಗಿತ್ತು. ಮೂವರು ನಿಂತರೆ ಅದು ಭಜನಿ ಮೇಳವಾಯಿತು. ಹಿರಿ ಮಾಸ್ತರರ ಕಂಠ ಬಹಳ ಒಳ್ಳೆಯದಿತ್ತು, ಅದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಪ್ರಾರ್ಥನೆಯನ್ನು ಎಳೆದು ಹಾಡಿದರೆ ಹುಡುಗರೂ ಎಳೆಯುತ್ತಿದ್ದರು. ಎರಡನೇ ವಾರ ಅರ್ಧ ಸಾಲಿ ಬೇಕಂತಲೇ ತಡವಾಗಿ ಬಂದು ನಮ್ಮ ಬಾಜೂ ನಿಲ್ಲತೊಡಗಿತು. ಹೆಡ್ ಮಾಸ್ತರ ಆ ಸಾಲನ್ನೇ ರದ್ದು ಮಾಡಬೇಕಾಯಿತು. ಅವತ್ತು ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಮೊದಮೊದಲು ಆತ ಹುರುಪಿನಿಂದ ಗೀಟು ಹೊಡೆದ. ನಮ್ಮ ರಜೆಗಳು ಒಂದೊಂದಾಗಿ ಉದುರಿದವು. ಮೂರನೇ ಇಯತ್ತೆಯ ಮಾಸ್ತರರು ತಂಗಿಯ ಮದುವೆಗೆಂದು ಉಳಿಸಿದ್ದ ರಜೆಯೂ ಹೋಯಿತು. ಮದುವೆಗೆ ಭಾನುವಾರ ಒಂದೇ ದಿನ ಹೋಗಿ ಅಕ್ಷತೆ ಹಾಕಿ ತಿರುಗಿ ಬಂದರು. ಆಮೇಲೆ ಆತನ ಹುರುಪು ಇಳಿಯಿತು. ಒಂದು ದಿನ ಗಂಟೆ ಬಾರಿಸಿ, ಲೇಖನಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತ. ಗೀಟು ಹೊಡೆಯಲಿಲ್ಲ, ಕಾದ.

"ಬರ್ರಿ ಮಾಸ್ತರ್ರ, ವ್ಯಾಳ್ಯಾ ಆತು."

"ನೀವು ಗೀಟ ಹೊಡೀರಿ ಸರ್. ನಾವು ಉಣ್ಣಾಕತ್ತೇವಿ" ಎಂದೆ.

"ಇನ್ನೂ ಹೊಡದಿಲ್ಲ. ಬಂದ ಸಹಿ ಮಾಡ್ರಿ."

"ಅವಸರ ಇಲ್ರಿ. ನಿಮ್ಮ ಶಾಯಿ ಒಣಗೀತು, ಹೊಡೀರಿ."

ಮೂರನೇ ಇಯತ್ತೆಯ ಮಾಸ್ತರರು ನೀರು ಕುಡಿಯುತ್ತಿದ್ದವರು ನಗು ತಡೆಯಲಾರದೆ ಕೆಮ್ಮಿದರು. ಆತ ಅಲ್ಲೇ ಎಷ್ಟೋ ಹೊತ್ತು ನಿಂತು, ಕೊನೆಗೆ ಒಳಗೆ ಹೋಗಿ ಗೀಟು ಹೊಡೆದ. ಆ ದಿನದ ಗೀಟು ಸೊಟ್ಟ ಇತ್ತು. ನಾನು ಅದರ ಕೆಳಗೆ ನನ್ನ ಸಹಿಯನ್ನು ಬಹಳ ಚಂದ ಮಾಡಿದೆ.

ಇಲ್ಲಿ ನಾನು ಎಣಿಸದೇ ಇದ್ದ ಒಂದು ಸಂಗತಿ ಹೇಳಬೇಕು. ಆತನನ್ನು ಕೆಡಿಸಲೆಂದು ಹೂಡಿದ ಆಟದಲ್ಲಿ ನಾವು ಸುಧಾರಿಸುತ್ತಿದ್ದೆವು. ಉಂಡು, ನಕ್ಕು, ಪಾಠಕ್ಕೆ ಹೋದ ಮಾಸ್ತರನ ಕೈ ಬೆತ್ತದ ಕಡೆ ಹೋಗುವುದಿಲ್ಲ. ನನ್ನ ಬೆತ್ತ ಎಲ್ಲಿ ಹೋಯಿತೋ ನಾನೇ ಹುಡುಕಲಿಲ್ಲ. ಅಕ್ಕೋರು ನಡುವಿನ ಸೂಟಿಯಲ್ಲಿ ಕೂಸಿಗೆ ಹಾಲು ಕುಡಿಸಿ ಬಂದು ಹಾಡು ಕಲಿಸುತ್ತಿದ್ದರು. ಮೊದಲು ಅವರ ಕಣ್ಣು ಸದಾ ಬಾಗಿಲ ಕಡೆಗೇ ಇರುತ್ತಿತ್ತು. ಯಾವ ಹುಡುಗನಿಗೆ ಭಾಗಾಕಾರ ಬರುವುದಿಲ್ಲ, ಯಾವನಿಗೆ ಮನೆಯಲ್ಲಿ ಉಣ್ಣಲು ಇಲ್ಲ ಎಂಬುದೆಲ್ಲ ಬೇವಿನ ಗಿಡದ ಕೆಳಗೆ ತಾನಾಗಿ ಮಾತಿಗೆ ಬರುತ್ತಿತ್ತು. ನೀವು ಹೆಡ್ ಮಾಸ್ತರರಾಗಿದ್ದರೆ ಇಷ್ಟು ತಿಳಿದುಕೊಳ್ಳಿರಿ: ಮಾಸ್ತರರು ನಗುವ ಸದ್ದು ಕೇಳಿ ನಿಮಗೆ ಹೊಟ್ಟೆ ಉರಿದರೆ, ತಪ್ಪು ಅವರದಲ್ಲ. ಆತನಿಗೆ ಉರಿಯುತ್ತಿತ್ತು. ಉರಿಯಲಿ ಎಂದೇ ನಾನು ಇನ್ನಷ್ಟು ಜೋರಾಗಿ ನಗುತ್ತಿದ್ದೆ.

ವರದಿಯ ಹೊತ್ತು ಬಂತು. ಹಿರಿ ಮಾಸ್ತರರು ಸ್ವಚ್ಛ ಪ್ರತಿ ಮಾಡಿ ಕೊಟ್ಟು ಬಂದು, ತಮ್ಮ ಬೇರಿನ ಆಚೆಯಿಂದ ಹೇಳಿದರು: "ನೀ ಹೇಳಿದಂಗ ಬರಸಿದ. ನಾವು ಮೂರೂ ಮಂದಿ ವ್ಯಾಳ್ಯಾಕ್ಕ ಸರಿ ಬರ್ತೇವಂತ. ಅಕ್ಕೋರು ದಿನಾ ತಡಾ ಅಂತ, ತಗದ ಹಾಕಬೇಕಂತ."

ಹದಿನೈದು ದಿನಕ್ಕೆ, ಸಾಲಿಗಳ ತಪಾಸಣೆ ಮಾಡುವ ಡಿಪುಟಿ ಸಾಹೇಬರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಹೆಡ್ ಮಾಸ್ತರ ನಮ್ಮನ್ನು ಕರೆದ. ದನಿ ಬೆಣ್ಣೆಯಾಗಿತ್ತು. "ನಾಳಿ ಒಂದಿನ ವ್ಯಾಳ್ಯಾಕ್ಕ ಬರ್ರಿ. ಸಾಲಿ ಮರ್ಯಾದಿ ಪ್ರಶ್ನೆ ಐತಿ." ಆಮೇಲೆ ಹಿರಿ ಮಾಸ್ತರರ ಕಡೆ ತಿರುಗಿ, "ನಿಮ್ಮ ಪೆನ್ಶನ್ ಕಾಗದ ನನ್ನ ಸಹಿ ಮ್ಯಾಲ ಹೋಗ್ತಾವ. ನೆನಪಿರ್ಲಿ" ಎಂದ.

ಮರುದಿನ ಸಾಹೇಬರು ಹತ್ತೂಮುಕ್ಕಾಲಿಗೇ ಸೈಕಲ್ ಮೇಲೆ ಬಂದು ಒಳಗೆ ಕೂತರು. ನಾವು ಗಿಡದ ಕೆಳಗಿದ್ದೆವು. ಗಂಟೆಯ ಸದ್ದಾಯಿತು. ಹಿರಿ ಮಾಸ್ತರರು ಬುತ್ತಿ ಕಟ್ಟಿ ಎದ್ದರು. ನಮ್ಮ ಮುಖ ನೋಡದೆ ಸಾಲಿಯ ಕಡೆ ನಾಲ್ಕು ಹೆಜ್ಜೆ ಹಾಕಿದರು. ನಾನು ಕರೆಯಲಿಲ್ಲ. ಕರೆದರೆ ಧಾರಣೆ ಮುರಿಯುತ್ತದೆ ಎಂದು ಪೇಟೆ ಕಲಿಸಿತ್ತು. ಅವರೊಬ್ಬರು ಮೇಲೆ ಸಹಿ ಮಾಡಿದರೆ, ಉಳಿದ ನಾವಿಬ್ಬರು ಬರೀ ಮೈಗಳ್ಳ ಮಾಸ್ತರರು.

ಪಾವಟಿಗೆಯ ಮೊದಲ ಮೆಟ್ಟಿಲ ಹತ್ತಿರ ಹೋಗಿ ಅವರು ನಿಂತರು. ಬಾಜೂ ಮನೆಯ ಪಡಸಾಲೆಯಿಂದ ಮುದುಕಿ ತೂಗುವ ಹಗ್ಗದ ಸದ್ದು ಬರುತ್ತಿತ್ತು. ಹಿರಿ ಮಾಸ್ತರರು ತಿರುಗಿ ಬಂದರು. ಬಂದವರು ತಮ್ಮ ಬೇರಿನ ಹತ್ತಿರ ಹೋಗಲಿಲ್ಲ. ನೋವಿನ ಮೊಣಕಾಲು ಹಿಡಿದುಕೊಂಡು ಮೂರನೇ ಇಯತ್ತೆಯ ಮಾಸ್ತರರ ಬಾಜೂ ಕೂತರು.

"ಎರಡ ತಿಂಗಳಿಂದ ವಾಸನಿ ಕುಡದ ಸಾಕಾಗೈತಿ. ಆ ಚಟ್ನಿ ಈ ಕಡೆ ತರ್ರಿ" ಎಂದರು.

ಮೂರನೇ ಇಯತ್ತೆಯವರು ಚಟ್ನಿಯ ಗಂಟನ್ನು ಮುಂದೆ ಸರಿಸಿದರು. ನಾವು ಮೂವರೂ ಒಂದೇ ಅರಿವೆಯ ಮೇಲಿನ ರೊಟ್ಟಿ ಮುರಿದೆವು. ಕಿಟಕಿಯಲ್ಲಿ ಸಾಹೇಬರು ನಮ್ಮನ್ನೇ ನೋಡುತ್ತಿದ್ದರು.

ನಾವು ಒಳಗೆ ಹೋಗಿ ಗೀಟಿನ ಕೆಳಗೆ ಸಹಿ ಮಾಡಿದೆವು. ಸಾಹೇಬರು ಒಂದು ಕೈಯಲ್ಲಿ ವರದಿ, ಒಂದು ಕೈಯಲ್ಲಿ ಹಾಜರಿ ಪುಸ್ತಕ ಹಿಡಿದಿದ್ದರು. ಅವರು ದನಿ ಏರಿಸುವ ಮನುಷ್ಯರಲ್ಲ.

"ಹೆಡ್ ಮಾಸ್ತರ, ಈ ಅಕ್ಕೋರು ದಿನಾ ತಡಾ ಅಂತ ಬರದೀರಿ."

"ಹೌದ್ರಿ ಸಾಹೇಬ್ರ."

"ಎರಡ ತಿಂಗಳ ತಿರುವಿ ನೋಡಿದೆ. ಗೀಟಿನ ಮ್ಯಾಲ ಇರೂದು ಇವರದೊಂದ ಸಹಿ."

ಆತ ಏನೋ ಹೇಳಲು ಹೋದ.

"ಈ ಮೂರು ಮಂದಿ ವ್ಯಾಳ್ಯಾಕ್ಕ ಸರಿ ಬರ್ತಾರಂತ ಬರದೀರಿ. ದಿನಾ ಕೆಳಗ ಅದಾರ. ಗೀಟ ಹೊಡದಾವ್ರು ಯಾರು?"

"ನಾನ ರೀ."

"ವರದಿ ಬರದಾವ್ರು?"

ಸಾಹೇಬರು ಪುಸ್ತಕ ಮುಚ್ಚಿದರು. "ಒಬ್ಬ ಮಾಸ್ತರ ತಡಾ ಮಾಡಿದ್ರ ಅದು ಅವನ ತಪ್ಪು. ಎಲ್ಲಾರೂ ಕೂಡಿ ಸಾಲಿ ಮುಂದ ಕುಂತು, ಒಳಗ ಬರಾಕ ಒಲ್ಲೆ ಅಂದ್ರ, ಅದು ಯಾರ ತಪ್ಪು ಅನ್ನೂದು ನಿಮಗ ಗೊತ್ತಿರಬೇಕು." ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮ ರಜಾ ಹೋದ್ವು. ಅವು ತಿರುಗಿ ಬರಂಗಿಲ್ಲ" ಎಂದರು. "ಗೊತ್ತೈತ್ರಿ" ಎಂದೆ. ಅವರು ಮುಂದೆ ಕೇಳಲಿಲ್ಲ. ಮಕ್ಕಳ ಪರೀಕ್ಷೆ ತೆಗೆದುಕೊಂಡರು, ಒಂದನೇ ಇಯತ್ತೆಯಲ್ಲಿ ಬಹಳ ಹೊತ್ತು ಕೂತರು. ಭೇಟಿ ಪುಸ್ತಕದಲ್ಲಿ ಅಕ್ಕೋರ ವರ್ಗ ಸಾಲಿಗೇ ಮೇಲು ಎಂದು ಬರೆದು ಹೋದರು.

ತಿಂಗಳು ತುಂಬುವುದರೊಳಗೆ ಹೆಡ್ ಮಾಸ್ತರನ ವರ್ಗಾವಣೆಯ ಹುಕುಂ ಬಂತು. ಹುಕ್ಕೇರಿ ಕಡೆಯ ಗುಡ್ಡದ ಮೇಲಿನ ಒಂದು ಹಳ್ಳಿ, ಒಬ್ಬನೇ ಮಾಸ್ತರನ ಸಾಲಿ. ಗಂಟೆ ಬಾರಿಸುವವನೂ ಆತನೇ, ಸಹಿ ಮಾಡುವವನೂ ಆತನೇ. ಗೀಟು ಹೊಡೆದುಕೊಳ್ಳುವುದಾದರೆ ತನಗೆ ತಾನೇ ಹೊಡೆದುಕೊಳ್ಳಬೇಕು. ಈ ಸುದ್ದಿಗೆ ಅವ್ವ ಗೋಕಾಕದಿಂದ ಕರದಂಟು ತಂದಳು. ನಾವು ನಾಲ್ವರೂ ತಿಂದೆವು, ಮುದುಕಿಗೂ ಕೊಟ್ಟೆವು.

ನನ್ನ ಸೇಡಿನ ಒಂದು ತುಂಡು ಮಾತ್ರ ಇನ್ನೂ ಉಳಿದಿತ್ತು. ಆತ ಚಾರ್ಜು ಬಿಟ್ಟುಕೊಡುವ ದಿನ ಹಿರಿ ಮಾಸ್ತರರು ಗಂಟೆ ಬಾರಿಸಿದರು. ಆತ ಸಾಮಾನು ಹೇರುವ ಗಾಡಿ ಹುಡುಕಲು ಹೋಗಿದ್ದ. ನಾನು ಕೆಂಪು ಶಾಯಿಯ ಲೇಖನಿ ತೆಗೆದುಕೊಂಡು, ಹನ್ನೊಂದಕ್ಕೆ ಸರಿಯಾಗಿ ಗೀಟು ಹೊಡೆದೆ. ಹುಡುಗರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಹತ್ತು ನಿಮಿಷದ ಮೇಲೆ ಆತ ಬೆವೆತು ಬಂದ. ಪುಸ್ತಕ ನೋಡಿದ, ಗೀಟು ನೋಡಿದ, ನನ್ನನ್ನು ನೋಡಿದ. ಕೆಳಗೆ ಸಹಿ ಮಾಡಿದ. ಆ ಸಾಲಿಯಲ್ಲಿ ಆತನ ಕೊನೆಯ ಸಹಿ ಗೀಟಿನ ಕೆಳಗೇ ಇದೆ, ಪುಸ್ತಕ ಉಳಿದಿದ್ದರೆ ಈಗಲೂ ನೋಡಬಹುದು.

ಆತ ಅಂಗಳಕ್ಕೆ ಇಳಿದ. ನಾನು ಎದುರಿಗೆ ಹೋಗಿ ನಿಂತೆ. ಎಂಟು ತಿಂಗಳಿಂದ ತಿದ್ದಿ ತಿದ್ದಿ ಇಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು. "ತಡಾ ಮಾಡಿದಾವ್ರಿಗೆ ನಾವು ಏನ ಕೇಳ್ತೇವಿ, ಸರ್?" ಎಂದೆ.

ಆತ ಹುಡುಗರ ಕಡೆ ಒಮ್ಮೆ ನೋಡಿದ. ಆಗಲೇ ಹಿಂದಿನಿಂದ ಅಕ್ಕೋರ ದನಿ ಬಂತು.

"ಮಕ್ಕಳ, ನಡೀರಿ ಒಳಗ. ಎಲ್ಲಾರೂ. ಪಾಟಿ ತಗೀರಿ."

ಅವರು ಒಂದನೇ ಇಯತ್ತೆಯ ಅಕ್ಕೋರು, ಆದರೆ ಇಡೀ ಸಾಲಿ ಅವರ ಮಾತಿಗೆ ತಿರುಗಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅಂಗಳ ಖಾಲಿ. ಅಕ್ಕೋರು ನನ್ನ ಹತ್ತಿರ ಬಂದು, ಆತನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು.

"ನನ್ನ ನೌಕರಿ ಉಳೀತು. ನಿಮ್ಮ ಸೇಡೂ ತೀರಿತು. ಇದು ಯಾಪಾರ ಮುಗದ ಮ್ಯಾಲಿನ ಕೊಸರು, ಮಾಸ್ತರ. ಹುಡುಗೂರ ಕೈಲೆ ಕೊಸರ ಹಾಕಸಬ್ಯಾಡ್ರಿ. ನಿಮ್ಮನ್ನ ನೋಡಿನೂ ಅವರ ಕೈಲೇನ ನಗಸಿದ್ದ ಆತ."

ಅವರು ತಿರುಗಿ ತಮ್ಮ ವರ್ಗಕ್ಕೆ ಹೋದರು. ಖಾಲಿ ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಗಿರಾಕಿಗಳೆಲ್ಲ ಎದ್ದು ಹೋದ ಸಂತೆಯಲ್ಲಿ ಬುಟ್ಟಿ ಹಿಡಿದುಕೊಂಡು ನಿಂತ ಹಾಗೆ ನಿಂತಿದ್ದೆ. ಆತನೇ ಕೇಳಿದ: "ಏನ ಕೇಳಾವ್ರಿದ್ರಿ? ಕೇಳ್ರಿ."

"ಏನಿಲ್ಲ. ಗಾಡಿ ಬಂದೈತಿ ನೋಡ್ರಿ" ಎಂದೆ.

ಮುಂದೆ ಎಷ್ಟೋ ವರ್ಷದ ಮೇಲೆ, ಹಿಡಕಲ್ಲಿನಲ್ಲಿ ಅಣೆಕಟ್ಟಿನ ಮಾತು ಶುರುವಾಗಿದ್ದ ಕಾಲಕ್ಕೆ, ನಾನು ಬಸ್ಸಿನಲ್ಲಿ ಆ ಗುಡ್ಡದ ದಾರಿ ಹಾದು ಹೋದೆ. ಬಸ್ಸು ಏರಿನಲ್ಲಿ ಮೆಲ್ಲಗಾಯಿತು. ಒಂದೇ ಕೋಣೆಯ ಸಾಲಿ, ಮುಂದೆ ಒಬ್ಬ ಮುದುಕ ಕಂಬಿಯ ತುಂಡಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದ. ಬಡಿದು, ಕಿಸೆಯಿಂದ ಗಡಿಯಾರ ತೆಗೆದು ನೋಡಿ, ಒಳಗೆ ಹೋದ. ಬಾಜೂ ಕೂತವರು "ಗುರ್ತಿನಾವ್ರೇನ್ರಿ?" ಎಂದು ಕೇಳಿದರು. "ಹೌದು" ಎಂದೆ. ಕುತ್ತಿಗೆ ಹೊರಳುವವರೆಗೆ ತಿರುಗಿ ನೋಡಿದೆ, ಕಣ್ತುಂಬ ನೋಡಿದೆ.

ಅಕ್ಕೋರು ಮೂಡಲಗಿ ಕಡೆಯ ನಮ್ಮ ಹಳೆಯ ಸಾಲಿಯಲ್ಲೇ ಈಗಲೂ ಕಲಿಸುತ್ತಾರೆ. ದೀಪಾವಳಿಗೊಮ್ಮೆ ಕಾಗದ ಬರೆದರೆ ಕೊನೆಯಲ್ಲಿ ಒಂದು ಸಾಲು ಕೇಳಿರುತ್ತಾರೆ, ಆ ಕೊಸರು ಬಿಟ್ಟಿರೋ ಇಲ್ಲೋ ಎಂದು. ನಾನು ಉಳಿದ ಎಲ್ಲದಕ್ಕೂ ಉತ್ತರ ಬರೆಯುತ್ತೇನೆ.